ನಿಂತಲ್ಲಿ ನಿಲ್ಲದ ಚೌಕಗಳು

ಪ್ಯಾರಿಸ್ಸಿನ ದ್ರುವೊ ಬೀದಿಯ ಹರಾಜುಮನೆಯೊಳಗೆ ಹೋಗಲು ಟಿಕೆಟ್ಟೂ ಬೇಡ, ಶಿಫಾರಸೂ ಬೇಡ. 1852ರಿಂದ ಇಲ್ಲಿ ಹರಾಜು ಕೂಗುತ್ತಲೇ ಬಂದಿದ್ದಾರೆ. ಹರಾಜಿಗೆ ಮುಂಚಿನ ದಿನ ಮಾಲನ್ನೆಲ್ಲ ಜನರ ಮುಂದೆ ಹರವಿಡುವುದು ಪದ್ಧತಿ. ಬೇಕಾದವರು ಬಂದು ಹತ್ತಿರದಿಂದ ನೋಡಿ, ಹಿಂದುಮುಂದು ವಿಚಾರಿಸಿ ಹೋಗಬಹುದು. ಕೆಂಪು ಬಟ್ಟೆ ಹೊದಿಸಿದ ಗೋಡೆಗಳ ಒಂದು ಕೋಣೆಯಲ್ಲಿ ತೀರಿಹೋದ ಯಾರದೋ ಮನೆಯ ಊಟದ ಮೇಜು, ಬೆಳ್ಳಿ ಚಮಚಗಳು, ಮಾಸಿದ ರತ್ನಗಂಬಳಿ. ಪಕ್ಕದಲ್ಲಿ ಗಡಿಯಾರಗಳ ರಾಶಿ. ಅದರಾಚೆಗಿನ ಕೋಣೆಯಲ್ಲಿ ಇಪ್ಪತ್ತನೇ ಶತಮಾನದ ಮುದ್ರಣಚಿತ್ರಗಳು: ಕೆಲವು ಮೊಳೆಗೆ ತೂಗಿದವು, ಜಾಗ ಸಾಲದೆ ಉಳಿದವು ನೆಲದ ಮೇಲೆ ಗೋಡೆಗೊರಗಿ ಕೂತವು.

ಆ ಸಾಲಿನಲ್ಲಿ ವಿಕ್ಟರ್ ವಾಸರೆಲಿಯ ಪ್ರಿಂಟು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಎದುರಿಗೆ ನಿಂತವರ ಮೈ ನೋಡಿದರೆ ಸಾಕು. ಉಳಿದ ಚಿತ್ರಗಳ ಮುಂದೆ ಜನ ಕೈಕಟ್ಟಿ ನಿಲ್ಲುತ್ತಾರೆ. ಇದರ ಮುಂದೆ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ, ಒಂದು ಹೆಜ್ಜೆ ಮುಂದೆ, ಎರಡು ಹಿಂದೆ. ಮಕ್ಕಳಿದ್ದರೆ ಬೆರಳು ಚಾಚಿ ಗಾಜನ್ನು ಮುಟ್ಟಿಯೇ ಬಿಡುತ್ತವೆ, ಉಬ್ಬು ನಿಜವೋ ಸುಳ್ಳೋ ಎಂದು. ಹಾಳೆಯ ಅಂಚಿನಲ್ಲಿ ಸಾಲಾಗಿ ಕೂತ ಪುಟ್ಟ ಚೌಕಗಳು ನಡುವಿಗೆ ಬರುಬರುತ್ತ ದೊಡ್ಡವಾಗಿ, ಬಾಗಿ, ಒಂದು ಗೋಳವಾಗಿ ಹೊರಕ್ಕೆ ನೂಕಿಕೊಂಡು ಬರುತ್ತವೆ. ಕಾಗದ ಮಾತ್ರ ಚಪ್ಪಟೆಯಾಗಿಯೇ ಇರುತ್ತದೆ.

ಸಂಗ್ರಾಹಕ ಬಂದನೆಂದರೆ ಆಟ ಬೇರೆ. ಅವನು ಗೋಳದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಸೀದಾ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಹಾಳೆಯ ಕೆಳಗಿನ ಬಿಳಿ ಅಂಚಿಗೆ ಮೂಗು ತಾಗಿಸುತ್ತಾನೆ. ಬಲಕ್ಕೆ ಪೆನ್ಸಿಲ್ಲಿನ ಸಹಿ ಇದೆಯೇ? ಎಡಕ್ಕೆ ಸಂಖ್ಯೆ? ಅಂಚು ಪೂರಾ ಇದೆಯೋ, ಫ್ರೇಮಿಗೆ ಹೊಂದಿಸಲು ಯಾರೋ ಕತ್ತರಿ ಆಡಿಸಿದ್ದಾರೋ? ಚಿತ್ರ ನಡುವಿನಲ್ಲಿ ಕುಣಿಯುತ್ತಿರುತ್ತದೆ. ಬೆಲೆ ಅಂಚಿನಲ್ಲಿ ಕುಳಿತಿರುತ್ತದೆ. ವಾಸರೆಲಿ ಜೀವಮಾನವಿಡೀ ವಾದಿಸಿದ್ದು ಸರಿಯಾಗಿ ಇದಕ್ಕೆ ಉಲ್ಟಾ. ಒಂದೇ ಒಂದು ಮೂಲಕೃತಿ, ಅದರ ಮೇಲೆ ಕಲಾವಿದನ ಹಸ್ತಾಕ್ಷರದ ಮಹಿಮೆ, ಅದನ್ನು ಬೀರುವಿನಲ್ಲಿಟ್ಟು ಬೀಗುವ ಒಡೆಯ - ಇವೆಲ್ಲ ಹಳೆಯ ಕಾಲದ ಕಾಯಿಲೆ ಎಂದು ಆತ ನಂಬಿದ್ದ. ಪುಸ್ತಕ, ಗ್ರಾಮಫೋನ್ ತಟ್ಟೆಗಳಿಗೆ ಮೂಲ-ನಕಲು ಎಂಬ ಭೇದ ಎಲ್ಲಿದೆ? ಚಿತ್ರಕ್ಕೂ ಬೇಡ ಎಂಬುದು ಆತನ ಪಟ್ಟು.

ಆತ ಹುಟ್ಟಿದ್ದು 1906ರಲ್ಲಿ, ಹಂಗೇರಿಯ ಪೇಚ್ ಎಂಬ ಊರಲ್ಲಿ. ಹುಟ್ಟುಹೆಸರು ವಾಶಾರ್ಹೆಯಿ. ಬುಡಾಪೆಸ್ಟಿನಲ್ಲಿ ವೈದ್ಯಕೀಯ ಓದಲು ಹೋಗಿ ಎರಡು ವರ್ಷಕ್ಕೇ ಬಿಟ್ಟ. ಆಮೇಲೆ ಸೇರಿದ್ದು ಶಾಂದೋರ್ ಬೊರ್ಟ್‌ನಿಕ್ ನಡೆಸುತ್ತಿದ್ದ ಚಿತ್ರಶಾಲೆಗೆ. ಜರ್ಮನಿಯ ಬೌಹೌಸ್ ಕಲಾಶಾಲೆಯ ಪಾಠಗಳನ್ನು ಹಂಗೇರಿಗೆ ತಂದ ಶಾಲೆ ಅದು. ಅಲ್ಲಿ ಕಲಿಸಿದ್ದು ಭಾವೋದ್ವೇಗದ ಚಿತ್ರಕಲೆಯಲ್ಲ; ರೇಖೆ, ಅಳತೆ, ಅಕ್ಷರ, ಪೋಸ್ಟರು. 1930ರಲ್ಲಿ ಪ್ಯಾರಿಸ್ಸಿಗೆ ಬಂದವನು ವರ್ಷಗಟ್ಟಲೆ ಜಾಹೀರಾತು ಸಂಸ್ಥೆಗಳಲ್ಲಿ ದುಡಿದ. ನನ್ನ ಮಟ್ಟಿಗೆ ವಾಸರೆಲಿಯ ಇಡೀ ಕಲೆಯ ಬೇರು ಆ ಜಾಹೀರಾತಿನ ಮೇಜಿನ ಮೇಲಿದೆ. ಒಂದು ಚಿತ್ರ ಮುದ್ರಣಕ್ಕೆ ಹೋಗಿ ಸಾವಿರವಾಗಿ ಬರುತ್ತದೆಂಬುದನ್ನು ಆತ ಚಿತ್ರಶಾಲೆಯ ಪಾಠವಾಗಿ ಕಲಿಯಲಿಲ್ಲ, ಹೊಟ್ಟೆಪಾಡಾಗಿ ಕಲಿತ.

ಆ ದಿನಗಳದ್ದೇ ಒಂದು ಚಿತ್ರ, ‘ಜೀಬ್ರಾ’. 1930ರ ದಶಕದ ಕೊನೆಯ ಭಾಗದ್ದು. ಕಪ್ಪು ಹಿನ್ನೆಲೆಯಲ್ಲಿ ಒಂದರ ಕೊರಳಿಗೊಂದು ಹೆಣೆದುಕೊಂಡ ಎರಡು ಜೀಬ್ರಾಗಳು. ಹೊರಗೆರೆ ಎಂಬುದೇ ಇಲ್ಲ. ಬಿಳಿ ಪಟ್ಟಿಗಳು ಬಾಗಿದ ರೀತಿಯಿಂದಲೇ ಇಲ್ಲಿ ಹೊಟ್ಟೆ, ಇಲ್ಲಿ ತೊಡೆ, ಇಲ್ಲಿ ಕುತ್ತಿಗೆ ಎಂದು ಕಣ್ಣು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಕಣ್ಣನ್ನು ಹೀಗೆ ಆಡಿಸುವ ಚಿತ್ರಗಳಿಗೆ ಆಪ್ ಆರ್ಟ್ ಎಂಬ ಹೆಸರು ಪತ್ರಿಕೆಗಳಲ್ಲಿ ಹುಟ್ಟಲು ಇನ್ನೂ ಕಾಲು ಶತಮಾನ ಬಾಕಿಯಿತ್ತು, ವಿದ್ಯೆ ಆಗಲೇ ಕೈಗೆ ಬಂದಿತ್ತು.

ಅದಾದ ಮೇಲೂ ಆತ ಸುಮಾರು ಅಲೆದ. ಡಾನ್‌ಫೆರ್ ರೊಶ್‌ರೊ ಮೆಟ್ರೋ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತ ಗೋಡೆಯ ಬಿಳಿ ಟೈಲುಗಳ ಕೂದಲೆಳೆ ಬಿರುಕುಗಳನ್ನು ದಿಟ್ಟಿಸುತ್ತಿದ್ದ. ಮುಂದೆ ಅದೇ ಒಂದು ಚಿತ್ರಮಾಲೆಯಾಯಿತು. 1947ರ ಬೇಸಿಗೆಯಲ್ಲಿ ಬ್ರಿಟನಿ ಕರಾವಳಿಯ ಬೆಲ್ ಈಲ್ ದ್ವೀಪದಲ್ಲಿ ಅಲೆ ಉರುಟಾಗಿಸಿದ ಬೆಣಚುಕಲ್ಲು, ಸಮುದ್ರ ಸವೆಸಿದ ಗಾಜಿನ ಚೂರು ಆರಿಸಿದ. ಮರುವರ್ಷ ದಕ್ಷಿಣ ಫ್ರಾನ್ಸಿನ ಗುಡ್ಡದೂರು ಗೋರ್ಡ್. ಅಲ್ಲಿನ ಕಲ್ಲುಮನೆಗಳಿಗೆ ಚಿಕ್ಕ ಚಿಕ್ಕ ಚೌಕ ಕಿಟಕಿಗಳು. ಉರಿಬಿಸಿಲಿನಲ್ಲಿ ಹೊರಗೆ ನಿಂತರೆ ಕಿಟಕಿ ಒಂದು ಕಪ್ಪು ಚೌಕ, ತಳವಿಲ್ಲದ ಕುಳಿ. ಅದೇ ಕಿಟಕಿಯನ್ನು ಕತ್ತಲೆಯ ಒಳಗಿನಿಂದ ನೋಡಿದರೆ ಬೆಳಕಿನ ಚೌಕ, ಮೈಯಿದ್ದ ಘನ. ಒಂದೇ ಚೌಕ ನಿಂತ ಜಾಗಕ್ಕೆ ತಕ್ಕಂತೆ ಉಬ್ಬೂ ಆಗುತ್ತದೆ, ತಗ್ಗೂ ಆಗುತ್ತದೆ. ಮುಂದಿನ ಅರ್ಧ ಶತಮಾನ ವಾಸರೆಲಿ ಮಾಡಿದ್ದೆಲ್ಲ ಈ ಕಿಟಕಿಯ ವಿಸ್ತರಣೆ ಎಂದರೆ ತೀರಾ ತಪ್ಪಾಗದು.

ಈ ಉಬ್ಬುತಗ್ಗಿನ ಕಾರಖಾನೆ ಹಾಳೆಯ ಮೇಲಿಲ್ಲ, ನಮ್ಮ ತಲೆಯೊಳಗಿದೆ. ಕಪ್ಪು ಚೌಕಗಳ ಜಾಲರಿಯನ್ನು ಬಿಳಿ ಗೀರುಗಳು ಅಡ್ಡಡ್ಡ ಸೀಳುವಲ್ಲಿ, ಗೀರು ಕೂಡುವ ಮೂಲೆಗಳಲ್ಲಿ ಬೂದು ಚುಕ್ಕೆಗಳು ಮಿನುಗುತ್ತವೆ. ನೇರ ನೋಡಿದರೆ ಮಾಯ, ಪಕ್ಕದ ಮೂಲೆಯಲ್ಲಿ ಪ್ರತ್ಯಕ್ಷ. ಜರ್ಮನಿಯ ಶರೀರಶಾಸ್ತ್ರಜ್ಞ ಲುಡಿಮಾರ್ ಹರ್ಮನ್ ಇದನ್ನು 1870ರಲ್ಲಿಯೇ ವರ್ಣಿಸಿದ್ದ. ಅಕ್ಷಿಪಟಲದ ಒಂದು ಕೋಶ ಬೆಳಕಿಗೆ ಎಚ್ಚೆತ್ತಾಗ ಅಕ್ಕಪಕ್ಕದವುಗಳ ಬಾಯಿ ಮುಚ್ಚಿಸುತ್ತದೆ ಎಂಬ ಸಂಗತಿಯನ್ನು ಕುದುರೆಲಾಳದ ಏಡಿಯ ಕಣ್ಣಿನಲ್ಲಿ ಅಳೆದು ತೋರಿಸಿದ ಹಾರ್ಟ್‌ಲೈನ್ ಎಂಬ ಅಮೆರಿಕನ್ ವಿಜ್ಞಾನಿಗೆ 1967ರಲ್ಲಿ ನೊಬೆಲ್ ಬಂತು. ಬೂದು ಚುಕ್ಕೆಗಳ ಹಿಂದೆ ಇದಷ್ಟೇ ಇಲ್ಲ ಎಂದು ಆಮೇಲಿನವರು ತಕರಾರು ತೆಗೆದಿದ್ದಾರೆ, ಅದಿರಲಿ. ಇದರ ಜೊತೆಗೆ ನಮ್ಮ ಕಣ್ಣುಗುಡ್ಡೆ ಒಂದು ಕ್ಷಣವೂ ತೆಪ್ಪಗಿರುವುದಿಲ್ಲ; ನೆಟ್ಟನೋಟ ಎಂದುಕೊಂಡಾಗಲೂ ಅರಿವಿಗೆ ಬಾರದಷ್ಟು ಸಣ್ಣಗೆ ನಡುಗುತ್ತಲೇ ಇರುತ್ತದೆ. ಮರ, ಮನೆ, ಮುಖ ನೋಡುವಾಗ ಈ ನಡುಕ ಲೆಕ್ಕಕ್ಕೆ ಬರುವುದಿಲ್ಲ. ಒತ್ತೊತ್ತಾಗಿ ಎಳೆದ ಕಪ್ಪುಬಿಳಿ ಗೆರೆಗಳ ಮುಂದೆ ಮಾತ್ರ ಅದು ಬಯಲಾಗುತ್ತದೆ.

1969ರ ‘ವೇಗಾ ನೊರ್’ ಎಂಬ ದೊಡ್ಡ ಕ್ಯಾನ್ವಾಸು ಅಮೆರಿಕದ ಬಫಲೊ ನಗರದ ಸಂಗ್ರಹಾಲಯದಲ್ಲಿದೆ: ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರ. ವಾಸರೆಲಿ ಎಂದರೆ ಜನರ ಕಣ್ಣಿಗೆ ಬರುವುದು ಆ ಬಗೆಯ ಉಬ್ಬುಗೋಳವೇ. ಹರಾಜಿನ ಕೋಣೆಗಳಲ್ಲಿ ಹೆಚ್ಚಾಗಿ ಸಿಗುವುದೂ ಆ ಕುಲದ ಪ್ರಿಂಟುಗಳೇ, 1970ರ ದಶಕದ ಕಿತ್ತಳೆ-ನೀಲಿ-ನೇರಳೆಯಲ್ಲಿ. ಚೆನ್ನಾಗಿಲ್ಲ ಎನ್ನಲಾರೆ. ಆದರೆ ಮೊದಲ ಚಮತ್ಕಾರ ಕಳೆದ ಮೇಲೆ ಗೋಳ ಗೋಳವಾಗಿಯೇ ಉಳಿಯುತ್ತದೆ. ನಾಳೆಯೂ ಅಷ್ಟೇ ಉಬ್ಬು. 1950ರ ದಶಕದ ಕಪ್ಪುಬಿಳುಪು ಹಾಳೆಗಳ ಗತ್ತು ಬೇರೆ. ರಷ್ಯದ ಚಿತ್ರಕಾರನಿಗೆ ಅರ್ಪಿಸಿದ ‘ಮಾಲೆವಿಚ್‌ಗೆ ನಮನ’ ನೋಡಿ: ಚೌಕವೊಂದು ತನ್ನ ಅಕ್ಷದ ಮೇಲೆ ಕೊಂಚ ತಿರುಗಿದ್ದಕ್ಕೆ ವಜ್ರಾಕೃತಿಯಾಗಿದೆ, ಅಷ್ಟೇ. ಅದು ತಿರುಗಿದ ಚೌಕವೋ, ಚಪ್ಪಟೆ ವಜ್ರವೋ ಎಂದು ಕಣ್ಣು ಪ್ರತಿಸಲವೂ ಹೊಸದಾಗಿ ತೀರ್ಮಾನಿಸಬೇಕು. ಅಂಥ ಹಾಳೆಗಳು ವಿರಳ, ದುಬಾರಿ, ಗದ್ದಲವಿಲ್ಲದವು.

ಆ ದಶಕದ ಕಥೆಯಲ್ಲಿ ಡೆನಿಸ್ ರೆನೆ ಎಂಬ ಹೆಂಗಸನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪ್ಯಾರಿಸ್ಸಿನ ಲಾ ಬೊಯೆಸಿ ಬೀದಿಯ ಆಕೆಯ ಮನೆ ಮೊದಲು ಉಡುಪಿನ ಕಾರ್ಯಾಗಾರ. 1944ರಲ್ಲಿ ಅದು ಗ್ಯಾಲರಿಯಾಯಿತು, ಮೊದಲ ಪ್ರದರ್ಶನ ವಾಸರೆಲಿಯದು. 1955ರ ಏಪ್ರಿಲ್‌ನಲ್ಲಿ ಅದೇ ಕೋಣೆಗಳಲ್ಲಿ ‘ಚಲನೆ’ ಎಂಬ ಪ್ರದರ್ಶನ: ಕಾಲ್ಡರನ ತೂಗುಶಿಲ್ಪ, ಮಾರ್ಸೆಲ್ ದುಶಾಂಪನ ತಿರುಗುವ ಯಂತ್ರ, ವೆನೆಜುವೆಲಾದಿಂದ ಬಂದ ಸೊಟೊ, ಇಸ್ರೇಲಿನ ಅಗಾಮ್, ಬೆಲ್ಜಿಯಂನ ಬ್ಯೂರಿ, ಕೀರಲುವ ಕೀಲುಯಂತ್ರಗಳ ಟಿಂಗ್ವೆಲಿ. ಜೊತೆಗೊಂದು ಹಳದಿ ಕಾಗದದ ಕರಪತ್ರ. ಅದರಲ್ಲಿ ವಾಸರೆಲಿಯ ಟಿಪ್ಪಣಿಗಳು. ‘ಹಳದಿ ಪ್ರಣಾಳಿಕೆ’ ಎಂದೇ ಅದು ಹೆಸರಾಯಿತು. ಇಂದು ಆ ಕರಪತ್ರಕ್ಕೂ ಸಂಗ್ರಾಹಕರಿದ್ದಾರೆ.

ಚಲನೆ ಎಂದರೆ ಮೋಟಾರೇ ಆಗಬೇಕಿಲ್ಲ ಎಂಬುದು ವಾಸರೆಲಿಯ ವಾದ. ಗಾಜಿನ ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಿನ ಎರಡು ಹಲಗೆಗಳ ಮೇಲೆ ಕಪ್ಪು ಗೆರೆಗಳ ವಿನ್ಯಾಸ, ನಡುವೆ ಕೆಲವು ಬೆರಳಿನಷ್ಟು ಅಂತರ. ನಿಂತು ನೋಡಿದರೆ ಒಂದು ಚಿತ್ರ. ಪಕ್ಕಕ್ಕೆ ನಡೆಯಿರಿ, ಮುಂದಿನ ಗೆರೆ ಹಿಂದಿನದನ್ನು ದಾಟುತ್ತದೆ, ಇಲ್ಲದ ಅಲೆಗಳು ಎದ್ದು ಓಡುತ್ತವೆ, ನೀವು ನಿಂತರೆ ಅವೂ ನಿಲ್ಲುತ್ತವೆ. ಇವನ್ನು ಕೊಳ್ಳುವವರಿಗೆ ಅಂತರವೇ ಪ್ರಾಣ: ಹಲಗೆಗಳ ನಡುವಿನ ದೂರ ದುರಸ್ತಿಯ ಹೆಸರಿನಲ್ಲಿ ಬದಲಾಗಿದ್ದರೆ ಚಿತ್ರ ಸತ್ತ ಹಾಗೆ. ಪ್ಲಾಸ್ಟಿಕ್ಕಿನ ಮೇಲಿನ ಗೀರು ಕೂಡ ಗೆರೆಗಳ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹೀಗೆ ಕಣ್ಣನ್ನು ಆಡಿಸುವ ಕೃತಿಗಳನ್ನು ಹಲವು ಪ್ರತಿಗಳಲ್ಲಿ ಅಚ್ಚುಹಾಕಿಸಿ ಮಾರುವುದಕ್ಕೆ ಪಿತಾಮಹ ಯಾರೆಂದರೆ ದುಶಾಂಪನೇ. 1935ರಲ್ಲಿ ಆತ ಆರು ರಟ್ಟಿನ ಬಿಲ್ಲೆಗಳ ಎರಡೂ ಬದಿಗೆ ಸುರುಳಿ ವಿನ್ಯಾಸ ಅಚ್ಚುಹಾಕಿಸಿ, ಐನೂರು ಕಂತೆ ಮಾಡಿಸಿ, ಪ್ಯಾರಿಸ್ಸಿನ ಆವಿಷ್ಕಾರಕರ ಜಾತ್ರೆಯಲ್ಲಿ ಅಂಗಡಿ ಹೂಡಿದ. ಗ್ರಾಮಫೋನಿನ ತಟ್ಟೆಯ ಮೇಲಿಟ್ಟು ತಿರುಗಿಸಿದರೆ ಚಪ್ಪಟೆ ರಟ್ಟು ಬಟ್ಟಲಾಗಿ, ಮೊಟ್ಟೆಯಾಗಿ ಎದ್ದು ನಿಲ್ಲುತ್ತಿತ್ತು. ಸುತ್ತಮುತ್ತ ಹೊಸ ಹೊಸ ಯಂತ್ರಗಳ ಗಿಜಿಗಿಜಿ. ಇವನ ಅಂಗಡಿಯ ಮುಂದೆ ಮಾತ್ರ ಹೆಚ್ಚುಕಡಿಮೆ ಯಾರೂ ಕಿಸೆಗೆ ಕೈಹಾಕಲಿಲ್ಲ. 1959ರಲ್ಲಿ ಡೇನಿಯಲ್ ಸ್ಪೊಯೆರಿ ಎಂಬಾತ ದುಶಾಂಪ್, ವಾಸರೆಲಿ, ಟಿಂಗ್ವೆಲಿ, ಸೊಟೊ ಮೊದಲಾದವರ ಕೃತಿಗಳನ್ನು ನೂರರ ಮಿತಿಯಲ್ಲಿ, ಎಲ್ಲಕ್ಕೂ ಒಂದೇ ಬೆಲೆ ಕಟ್ಟಿ ಮಾರಲು ಹೊರಟ. ಹೆಸರಾಂತನಿಗೂ ಹೊಸಬನಿಗೂ ಒಂದೇ ದರ! ವ್ಯಾಪಾರವಾಗಿ ಅದೂ ಏಳಿಗೆ ಕಾಣಲಿಲ್ಲ. ಇಂದು ಅವೇ ವಸ್ತುಗಳು ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿವೆ.

ವಾಸರೆಲಿಯ ಅದೃಷ್ಟ ಚೆನ್ನಾಗಿತ್ತು. ಆತ ತನ್ನ ಚಿತ್ರವಿದ್ಯೆಯನ್ನೇ ಮುದ್ರಣಕ್ಕೆ ಒಗ್ಗುವಂತೆ ಕಟ್ಟಿಕೊಂಡಿದ್ದ. ಒಂದು ಚೌಕ, ಅದರೊಳಗೆ ಇನ್ನೊಂದು ಆಕೃತಿ - ವೃತ್ತ, ಅಂಡಾಕಾರ, ತ್ರಿಕೋನ, ವಜ್ರ. ಚೌಕಕ್ಕೊಂದು ಬಣ್ಣ, ಒಳಗಿನದಕ್ಕೊಂದು. ಈ ಜೋಡಿಯನ್ನು ಆತ ವರ್ಣಮಾಲೆಯ ಅಕ್ಷರದ ಹಾಗೆ ಬಳಸಿದ, 1959ರಲ್ಲಿ ಪೇಟೆಂಟನ್ನೂ ಪಡೆದ. ಪ್ಯಾರಿಸ್ ಹೊರವಲಯದ ಅನೆ ಸುರ್ ಮಾರ್ನ್ ಎಂಬ ಹಳ್ಳಿಯ ಸ್ಟುಡಿಯೊದಲ್ಲಿ ಆತ ಮಾಡುತ್ತಿದ್ದದ್ದು ಚಿಕ್ಕ ಮಾದರಿ. ಅದನ್ನು ನೋಡಿ ಸಹಾಯಕರು ಕ್ಯಾನ್ವಾಸಿಗೆ ಹಿಗ್ಗಿಸಬಹುದು, ಮುದ್ರಕ ಹಾಳೆಗಿಳಿಸಬಹುದು, ನೇಕಾರ ಕಂಬಳಿಯಾಗಿಸಬಹುದು, ಕುಂಬಾರಿಕೆಯ ಕಾರಖಾನೆ ಟೈಲಾಗಿಸಬಹುದು. ಕುಂಚದ ಗುರುತೇ ಇಲ್ಲದ ಚಿತ್ರಕ್ಕೆ ಯಾವ ಕೈ ಮಾಡಿದರೇನು?

ಹಾಳೆಗಿಳಿಸುವ ಕೆಲಸ ಸ್ಕ್ರೀನ್ ಪ್ರಿಂಟಿಂಗ್‌ನದು. ನಮ್ಮ ಪೇಟೆಬೀದಿಗಳಲ್ಲಿ ಮದುವೆ ಕಾರ್ಡು ಅಚ್ಚುಹಾಕುವವರ ಕೈಯಲ್ಲಿ ಇರುವ ವಿದ್ಯೆಯೇ ಇದು: ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆ, ಬೇಡದ ಭಾಗ ಮುಚ್ಚಿದ ಕೊರೆಯಚ್ಚು, ಮೇಲಿಂದ ಸುರಿದ ಇಂಕು, ಅದನ್ನು ಒಂದೇ ಎಳೆತದಲ್ಲಿ ಸವರುವ ರಬ್ಬರಿನ ಸ್ಕ್ವೀಜಿ. ಕಾರ್ಡಿಗೆ ಒಂದೆರಡು ಬಣ್ಣ ಸಾಕು, ಗಣಪತಿಗೆ ಕೆಂಪು, ಅಕ್ಷರಕ್ಕೆ ಚಿನ್ನ. ವಾಸರೆಲಿಯ ಹಾಳೆಗೆ ಹಾಗಲ್ಲ. ಒಂದು ಬಣ್ಣಕ್ಕೆ ಒಂದು ಸ್ಕ್ರೀನು. ನೀಲಿಯಿಂದ ಹಸಿರಿಗೆ ಜಾರುವ ಒಂದು ಗೋಳದಲ್ಲಿ ಇಪ್ಪತ್ತೈದು ಛಾಯೆಗಳಿದ್ದರೆ ಇಪ್ಪತ್ತೈದು ಸ್ಕ್ರೀನು. 250 ಹಾಳೆಗಳ ಆವೃತ್ತಿಯೆಂದರೆ 6,250 ಎಳೆತ. ಹಾಳಾಗುವ ಹಾಳೆಗಳ ಲೆಕ್ಕ ಬೇರೆ. ಒಂದು ಬಣ್ಣ ಎಳೆದಾದ ಮೇಲೆ ಹಾಳೆಗಳನ್ನೆಲ್ಲ ತಂತಿಯ ಅಡ್ಡೆಗಳ ಮೇಲೆ ಬಿಡಿಬಿಡಿಯಾಗಿ ಒಣಗಿಸಬೇಕು, ಆಮೇಲೆ ಮುಂದಿನ ಬಣ್ಣ.

ಇಲ್ಲಿ ಮುದ್ರಕನ ಶತ್ರು ಅರ್ಧ ಮಿಲಿಮೀಟರ್. ಪ್ರತಿ ಬಾರಿಯೂ ಹಾಳೆ ಅದೇ ಮೂಲೆಗೆ ಅದೇ ಕಟ್ಟೆಗೆ ತಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಎರಡು ಬಣ್ಣದ ನಡುವೆ ಬಿಳಿ ಗೆರೆ ಇಣುಕುತ್ತದೆ, ಇಲ್ಲವೇ ಒಂದರ ಮೇಲೊಂದು ಹತ್ತಿ ಕಪ್ಪು ಅಂಚು ಮೂಡುತ್ತದೆ. ಬೇರೆ ಕಲಾವಿದರ ಪ್ರಿಂಟಿನಲ್ಲಿ ಅಂಥದ್ದು ಕೈಕೆಲಸದ ಚೆಲುವು ಎನ್ನಿಸಿಕೊಂಡು ದಾಟಿಹೋಗುತ್ತದೆ. ಇಲ್ಲಿ ಮಾತ್ರ ಕಣ್ಣು ಅಲ್ಲೇ ಎಡವುತ್ತದೆ, ಗೋಳ ಒಡೆದುಹೋಗುತ್ತದೆ. ಕ್ಯೂಬಾದಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ ವಿಫ್ರೆಡೊ ಅರ್ಕೇ ಎಂಬ ಮುದ್ರಕ 1950ರ ದಶಕದಲ್ಲಿ ಅಮೂರ್ತ ಕಲಾವಿದರಿಗೆ ಈ ಕೆಲಸವನ್ನು ಪಳಗಿಸಿಕೊಟ್ಟ. ಅಂಥವರ ಹೆಸರು ಹಾಳೆಯ ಅಂಚಿನಲ್ಲಿ ಕಾಣುವುದು ಅಪರೂಪ. ಕಂಡರೂ ಬಣ್ಣವಿಲ್ಲದ ಒಂದು ಒತ್ತುಮುದ್ರೆಯಾಗಿ, ಬೆಳಕಿಗೆ ವಾರೆ ಹಿಡಿದರಷ್ಟೇ.

ಭೂತಗನ್ನಡಿ ಕೈಗೆ ತೆಗೆದುಕೊಂಡ ಸಂಗ್ರಾಹಕ ಮೊದಲು ಹುಡುಕುವುದು ಚುಕ್ಕೆಗಳನ್ನು. ಪತ್ರಿಕೆ, ಪೋಸ್ಟರುಗಳ ಆಫ್‌ಸೆಟ್ ಮುದ್ರಣದಲ್ಲಿ ಪ್ರತಿ ಬಣ್ಣವೂ ಒತ್ತಾದ ಸಣ್ಣ ಚುಕ್ಕೆಗಳಾಗಿ ಒಡೆದಿರುತ್ತದೆ. ಸ್ಕ್ರೀನ್ ಪ್ರಿಂಟಿನಲ್ಲಿ ಚುಕ್ಕೆಯಿಲ್ಲ. ಬಣ್ಣ ಗಟ್ಟಿಯಾಗಿ, ಸಪಾಟಾಗಿ ಕೂತಿರುತ್ತದೆ, ವಾರೆಬೆಳಕಿನಲ್ಲಿ ಇಂಕಿನ ಅಂಚಿಗೆ ಸಣ್ಣ ದಿಣ್ಣೆ ಕಾಣುತ್ತದೆ. ಚುಕ್ಕೆಗಳಿದ್ದ ಹಾಳೆಯ ಮೇಲೆ ಪೆನ್ಸಿಲ್ ಸಹಿಯೂ ಇದ್ದರೆ ಜಾಣರು ಮೆಲ್ಲಗೆ ಎದ್ದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಸ್ವಿಟ್ಜರ್ಲೆಂಡಿನ ಗ್ರಿಫಾನ್ ಪ್ರಕಾಶನ 1965ರಿಂದ ವಾಸರೆಲಿಯ ಮೇಲೆ ಸೊಗಸಾದ ಪುಸ್ತಕಗಳನ್ನೂ ಬಿಡಿಹಾಳೆಗಳ ಕಂತೆಗಳನ್ನೂ ತಂದಿತು. ಅವುಗಳ ಹಾಳೆಗಳಿಗೂ ಈಗ ಫ್ರೇಮು ತೊಡಿಸಿ ಮಾರುತ್ತಾರೆ. ಏನೆಂದು ಹೇಳಿ ಮಾರಿದರೆ ತಪ್ಪೇನಿಲ್ಲ, ಗೋಡೆಗೆ ಚೆಂದವೇ. ಹೇಳದೆ ಮಾರುವುದೇ ತಂಟೆ.

ಸಂಖ್ಯೆಯ ಲೆಕ್ಕಾಚಾರವೂ ಒಂದು ಪುರಾಣ. 47/250 ಎಂದಿದ್ದರೆ ಇನ್ನೂರೈವತ್ತರಲ್ಲಿ ನಲವತ್ತೇಳನೆಯದು. ಆದರೆ ಇನ್ನೂರೈವತ್ತೇ ಇವೆ ಎಂದು ಅರ್ಥವಲ್ಲ. ಇ.ಎ. ಎಂದು ಬರೆದವು ಕಲಾವಿದನ ಪಾಲಿನ ಪ್ರತಿಗಳು. ಎಚ್.ಸಿ. ಎಂದರೆ ಮಾರಾಟಕ್ಕಲ್ಲದವು; ಅವೇ ಈಗ ಧಾರಾಳವಾಗಿ ಮಾರಾಟಕ್ಕಿವೆ. ಎಫ್.ವಿ. ಎಂದಿದ್ದರೆ ವಾಸರೆಲಿ ಪ್ರತಿಷ್ಠಾನಕ್ಕೆಂದು ಬೇರೆ ಎಣಿಸಿ ತೆಗೆದವು. ಕೆಲವು ಆವೃತ್ತಿಗಳಲ್ಲಿ ಅರಬಿ ಅಂಕೆಯದೊಂದು ಸಾಲು, ರೋಮನ್ ಅಂಕೆಯದೊಂದು. ಎಲ್ಲ ಕೂಡಿಸಿದರೆ ಅಂಚಿನಲ್ಲಿ ಬರೆದ ಮೊತ್ತವನ್ನು ದಾಟಿ ಹೋಗುತ್ತದೆ. ವಿಶ್ವಕ್ಕೆಲ್ಲ ಕಲೆ ಹಂಚುತ್ತೇನೆಂದವನ ಹಾಳೆಗಳು ಇಷ್ಟೊಂದಿವೆಯಲ್ಲಾ ಎಂದು ಕೊಳ್ಳುವವರು ಗೊಣಗುವುದನ್ನು ಕೇಳಿದರೆ ನಗು ಬರುತ್ತದೆ. ಅಪರೂಪ ಬೇಕಿದ್ದವರು ಅದನ್ನು ಮೊದಲೇ ಒಪ್ಪದಿದ್ದವನ ಬಾಗಿಲಿಗೆ ಬಂದಿದ್ದಾರೆ.

ಹಾಗಂತ ವಾಸರೆಲಿ ಸಹಿ ಹಾಕಲಿಲ್ಲವೇ? ಹಾಕಿದ, ಎಡೆಬಿಡದೆ ಹಾಕಿದ. ಸಹಿಯಿಲ್ಲದ ಹಾಳೆ ಗ್ಯಾಲರಿಯಲ್ಲಿ ಬಿಕರಿಯಾಗದು ಎಂಬುದು ಜಾಹೀರಾತಿನಲ್ಲಿ ಪಳಗಿದವನಿಗೆ ತಿಳಿಯದ ವಿಷಯವೇ? ಸಿದ್ಧಾಂತ ಒಂದು, ಸಂತೆ ಒಂದು. 1966ರಲ್ಲಿ ಡೆನಿಸ್ ರೆನೆ ಸೇನ್ ಜೆರ್ಮೆನ್ ಬುಲೆವಾರ್ಡಿನಲ್ಲಿ ಪ್ರಿಂಟುಗಳಿಗೂ ಬಹುಪ್ರತಿ ಶಿಲ್ಪಗಳಿಗೂ ಎಂದೇ ಇನ್ನೊಂದು ಮಳಿಗೆ ತೆರೆದಳು. ಅದಕ್ಕೆ ಹಿಂದಿನ ವರ್ಷವಷ್ಟೇ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿ ‘ಸ್ಪಂದಿಸುವ ಕಣ್ಣು’ ಎಂಬ ಪ್ರದರ್ಶನ ನಡೆದು, ಕಣ್ಣು ಕೋರೈಸುವ ಚಿತ್ರಗಳು ಹುಚ್ಚುಹೊಳೆಯಾಗಿ ಊರ ಮೇಲೆ ಬಂದಿದ್ದವು. ಇಂಗ್ಲೆಂಡಿನ ಬ್ರಿಜೆಟ್ ರೈಲಿ ಆ ಪ್ರದರ್ಶನಕ್ಕೆ ಬಂದಾಗ ತನ್ನ ಚಿತ್ರದ ವಿನ್ಯಾಸವೇ ಅಂಗಡಿಯ ಗಾಜಿನಲ್ಲಿ ಲಂಗವಾಗಿ ನೇತಾಡುವುದನ್ನು ಕಂಡು ಕೆರಳಿದಳು. ವಾಸರೆಲಿಗೆ ಅಂಥ ಕೋಪ ಬಂದಂತೆ ತೋರದು. ಬೀದಿಗೆ ಬೀಳಬೇಕೆಂಬುದೇ ಆತನ ಆಸೆಯಾಗಿತ್ತಲ್ಲ. ಅಂದಹಾಗೆ ರೈಲಿಯ ಪ್ರಿಂಟುಗಳ ರುಚಿ ಬೇರೆ: 1965ರ ‘ಫ್ರಾಗ್ಮೆಂಟ್ಸ್’ ಸರಣಿಯನ್ನು ಆಕೆ ಕಾಗದದ ಬದಲು ಪಾರದರ್ಶಕ ಪರ್ಸ್ಪೆಕ್ಸ್ ಹಲಗೆಯ ಬೆನ್ನಿಗೆ ಅಚ್ಚುಹಾಕಿಸಿದಳು. ಕಪ್ಪು ಅಷ್ಟು ಕಪ್ಪಾಗಿ ಹೊಳೆಯುವುದು ಕಾಗದದಿಂದ ಸಾಧ್ಯವಿಲ್ಲ.

ಬೀದಿಗೆ ಬಿದ್ದದ್ದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1969ರಲ್ಲಿ ಡೇವಿಡ್ ಬೋವಿಯ ಹಾಡಿನ ತಟ್ಟೆಯ ಹೊದಿಕೆಯ ಮೇಲೆ ಗಾಯಕನ ಮುಖದ ಹಿಂದೆ ಇರುವುದು ವಾಸರೆಲಿಯ ಚುಕ್ಕಿಜಾಲ. 1972ರಲ್ಲಿ ರೆನೊ ಮೋಟಾರು ಕಂಪನಿಯ ವಜ್ರಾಕಾರದ ಲಾಂಛನಕ್ಕೆ ಹೊಸ ಗೆರೆ ಕೊಟ್ಟವನು ಆತ, ಮಗ ಇವರಾಲನ ಜೊತೆ. ಅದೇ ವರ್ಷದ ಮ್ಯೂನಿಕ್ ಒಲಿಂಪಿಕ್ಸಿಗೂ ಪೋಸ್ಟರು ಮಾಡಿದ. 1982ರಲ್ಲಿ ಫ್ರಾನ್ಸಿನ ಗಗನಯಾತ್ರಿ ಜಾನ್ ಲು ಕ್ರೆತಿಯೆನ್ ಸೋವಿಯತ್ ಅಂತರಿಕ್ಷ ನಿಲ್ದಾಣ ಸಲ್ಯೂತ್-7ಕ್ಕೆ ಹೋದಾಗ ಆತನ ಸಾಮಾನಿನಲ್ಲಿ ವಾಸರೆಲಿಯ 154 ಸ್ಕ್ರೀನ್ ಪ್ರಿಂಟುಗಳಿದ್ದವು. ಇಳಿದು ಬಂದ ಮೇಲೆ ಅವನ್ನು ಯುನೆಸ್ಕೊ ನೆರವಿಗೆಂದು ಮಾರಿದರು. ಭೂಮಿಯನ್ನು ಸುತ್ತಿ ಬಂದ ಹಾಳೆ, ಸುತ್ತದ ಹಾಳೆ ಎಂದು ಸಂಗ್ರಾಹಕರಿಗೆ ಇನ್ನೊಂದು ಜಾತಿಭೇದ ಸಿಕ್ಕಂತಾಯಿತು.

ಒಂದು ದಿನವಾದರೂ ಈ ಹಾಳೆಗಳ ಮೂಲ ಆಕಾಂಕ್ಷೆಯನ್ನು ಅದರ ಪೂರಾ ಎತ್ತರದಲ್ಲಿ ನೋಡಬೇಕೆನ್ನಿಸಿದರೆ ದಕ್ಷಿಣ ಫ್ರಾನ್ಸಿನ ಎಕ್ಸಾನ್ ಪ್ರೊವಾನ್ಸ್‌ಗೆ ಹೋಗಬೇಕು. ಊರ ಹೊರಗೆ, ಚಿತ್ರಕಾರ ಸೆಜಾನನ ಮನೆತನದ ತೋಟವಿದ್ದ ಜಾ ದ ಬುಫಾನ್ ಬಡಾವಣೆಯಲ್ಲಿ, ಹುಲ್ಲಿನ ದಿಬ್ಬದ ಮೇಲೆ ಒಂದು ವಿಚಿತ್ರ ಕಟ್ಟಡ: ಅಲ್ಯೂಮಿನಿಯಂ ಹೊದ್ದ ಗೋಡೆಗಳ ಮೇಲೆ ಕಪ್ಪು ಚೌಕದಲ್ಲಿ ಬಿಳಿ ವೃತ್ತ, ಬಿಳಿ ಚೌಕದಲ್ಲಿ ಕಪ್ಪು ವೃತ್ತ. 1976ರಲ್ಲಿ ವಾಸರೆಲಿ ತಾನೇ ಯೋಜಿಸಿ ತೆರೆದ ವಾಸರೆಲಿ ಪ್ರತಿಷ್ಠಾನದ ಕಟ್ಟಡ ಇದು. ಒಳಗೆ ಜೇನುಗೂಡಿನ ಕೋಶಗಳಂತೆ ಒಂದಕ್ಕೊಂದು ಅಂಟಿದ ಷಟ್ಕೋನದ ಅಂಕಣಗಳು, ನೆತ್ತಿಯಿಂದ ಇಳಿಯುವ ಬೆಳಕು, ಗೋಡೆಗೊಂದರಂತೆ ಒಟ್ಟು 44 ಬೃಹತ್ ಕೃತಿಗಳು. ಹರಾಜಿನಲ್ಲಿ ಮಂಡಿಯೂರಿ ನೋಡಿದ ಚೌಕ ಇಲ್ಲಿ ಆಳೆತ್ತರವನ್ನು ಮೀರಿ ನಿಂತಿದೆ. ಒಂದು ಗೋಡೆ ಟೈಲಿನದು, ಇನ್ನೊಂದು ಲೋಹದ್ದು, ಮತ್ತೊಂದು ನೇಯ್ದದ್ದು. ಷಟ್ಕೋನದ ನಡುವೆ ನಿಂತು ಒಂದು ಸುತ್ತು ತಿರುಗಿದರೆ ಘನಗಳು ಒಳಗೋ ಹೊರಗೋ ಎಂಬ ಲೆಕ್ಕ ತಪ್ಪಿ, ಕಾಲಡಿಯ ನೆಲವನ್ನೇ ಸಂದೇಹಿಸಬೇಕಾಗುತ್ತದೆ. ಇಂಥದ್ದನ್ನು ಯಾವನೂ ಕೊಂಡು ಮನೆಗೆ ಒಯ್ಯಲಾರ. ಇಲ್ಲಿ ಅಂಚೇ ಇಲ್ಲ, ಪೆನ್ಸಿಲ್ಲಿಗೆ ಜಾಗವೂ ಇಲ್ಲ.

ಆ ಕನಸಿನ ಗತಿ ಅಷ್ಟೇನೂ ಚೆನ್ನಾಗಿರಲಿಲ್ಲ. ಗೋರ್ಡ್ ಊರಿನ ಕೋಟೆಯಲ್ಲಿ 1970ರಲ್ಲಿ ತೆರೆದಿದ್ದ ಮೊದಲ ಸಂಗ್ರಹಾಲಯ 1996ರಲ್ಲಿ ಮುಚ್ಚಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ವಾಸರೆಲಿ ತೀರಿಕೊಂಡ, ತೊಂಬತ್ತರ ವಯಸ್ಸಿನಲ್ಲಿ. ಪ್ರತಿಷ್ಠಾನದ ಕೃತಿಗಳು ಯಾರಿಗೆ ಸೇರಬೇಕೆಂದು ಮನೆಯವರ ನಡುವೆ ಎದ್ದ ವ್ಯಾಜ್ಯ ದಶಕಗಳ ಕಾಲ ಕೋರ್ಟಿನ ಮೆಟ್ಟಿಲು ಸವೆಸಿತು. ಎಷ್ಟೋ ಕೃತಿಗಳು ಕೈಬದಲಾದವು, ಎಕ್ಸಾನ್ ಕಟ್ಟಡದ ಮಾಡು ಸೋರಿತು. ಈಗ ಮೊಮ್ಮಗ ಪಿಯೆರ್ ವಾಸರೆಲಿ ಪ್ರತಿಷ್ಠಾನದ ಅಧ್ಯಕ್ಷ. 2013ರಲ್ಲಿ ಸರ್ಕಾರ ಕಟ್ಟಡವನ್ನು ಸ್ಮಾರಕವೆಂದು ಸಾರಿತು, ದುರಸ್ತಿಯೂ ನಡೆಯಿತು. ಪೇಚ್‌ನ ಹುಟ್ಟಿದ ಮನೆಯಲ್ಲಿ, ಬುಡಾಪೆಸ್ಟಿನ ಜಿಚಿ ಅರಮನೆಯಲ್ಲಿ ಇರುವ ಸಂಗ್ರಹಗಳು ಈ ಗಲಾಟೆಯಿಂದ ದೂರವೇ ಉಳಿದವು. ಕೊಳ್ಳುವವನಿಗೆ ಇದರಿಂದ ತಟ್ಟುವ ಬಿಸಿ ಇಷ್ಟೇ: ಈ ಹಾಳೆ ಅಸಲಿಯೇ ಎಂದು ಕೇಳಿದರೆ ವ್ಯಾಪಾರಿಯ ಉತ್ತರ ಬಹಳ ಸಲ ಅಡ್ಡಗೋಡೆಯ ಮೇಲಿನ ದೀಪ. ಯಾವ ಗ್ಯಾಲರಿಯಿಂದ, ಯಾವ ವರ್ಷ, ಯಾರು ಕೊಂಡರು ಎಂಬ ಹಳೆಯ ರಸೀದಿ ಸಹಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಪೆನ್ಸಿಲ್ಲಿನ ಸಹಿ ಕಲಿಯುವುದು ಕಷ್ಟವಲ್ಲ, ಇಪ್ಪತ್ತೈದು ಸ್ಕ್ರೀನು ಎಳೆಯುವುದು ಕಷ್ಟ.

ಕಾಗದದ ಆರೋಗ್ಯದ ಮಾತೂ ಇದೆ. ಸ್ಕ್ರೀನ್ ಪ್ರಿಂಟಿನ ಮೈ ಗಡುಸಾಗಿ ಕಂಡರೂ ಬಲು ನಾಜೂಕು: ಉಗುರು ತಾಗಿದರೆ ಹೊಳಪಿನ ಗೀರು, ಬೆರಳು ಒತ್ತಿದರೆ ಜಿಡ್ಡಿನ ಗುರುತು, ಎರಡೂ ಅಳಿಸಲಾಗದವು. ಸುರುಳಿ ಸುತ್ತಿಟ್ಟರೆ ದಪ್ಪ ಇಂಕು ಬಿರಿಯುತ್ತದೆ. ಹಳೆಯ ಫ್ರೇಮಿನ ಅಗ್ಗದ ರಟ್ಟು ಹುಳಿಯಾಗಿ ಹಾಳೆಯ ಸುತ್ತ ಕಂದು ಚೌಕ ಸುಡುತ್ತದೆ. ಎಲ್ಲಕ್ಕಿಂತ ದೊಡ್ಡ ಕಳ್ಳ ಬಿಸಿಲು. ಕಿತ್ತಳೆ, ಗುಲಾಬಿ, ಹೊಳೆವ ಬಣ್ಣಗಳು ಮೊದಲು ಸೋಲುತ್ತವೆ. ಛಾಯೆಯ ಏಣಿಯಲ್ಲಿ ಎರಡು ಮೆಟ್ಟಿಲು ಬಣ್ಣಗೆಟ್ಟರೆ ಸಾಕು, ಗೋಳದ ಒಂದು ಮಗ್ಗುಲು ತಗ್ಗಿಬಿಡುತ್ತದೆ. ಹೂವಿನ ಚಿತ್ರ ಮಾಸಿದರೂ ಹೂವಾಗಿರುತ್ತದೆ, ಈ ಚಿತ್ರ ಮಾಸಿದರೆ ಬರೀ ಚೌಕಗಳ ಪಟ್ಟಿ. ಅದಕ್ಕೇ ಬಲ್ಲವರು ಫ್ರೇಮು ಬಿಚ್ಚಿಸಿ, ಅಂಚಿನ ರಟ್ಟಿನಡಿ ಅವಿತ ಬಣ್ಣವನ್ನೂ ಬೆಳಕಿಗೆ ಬಿದ್ದ ಬಣ್ಣವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಹೀಗಾಗಿ ನನ್ನನ್ನು ಕೇಳಿದರೆ ಹರಾಜಿನ ಸಾಲಿನಲ್ಲಿ ಮೂಲೆಗೆ ತಳ್ಳಿದ ಹಾಳೆಗಳ ಕಡೆ ಮೊದಲು ಕಣ್ಣು ಹಾಯಿಸಬೇಕು. ಹಲವು ಚಿತ್ರಗಳ ಆಲ್ಬಮ್ಮುಗಳಿಗೆ ಸಹಿ ಕೊನೆಯ ಪುಟದಲ್ಲಿ ಒಂದೇ ಇರುವುದುಂಟು. ಆಲ್ಬಮ್ಮು ಒಡೆದು ಬಿಡಿಯಾಗಿ ಮಾರಿದಾಗ ಒಳಗಿನ ಹಾಳೆಗಳು ಸಹಿಯಿಲ್ಲದೆ ಅನಾಥವಾಗುತ್ತವೆ. ಅದೇ ಮುದ್ರಕ, ಅದೇ ಸ್ಕ್ರೀನು, ಅದೇ ಇಂಕು, ಹಲವು ಸಲ ವರ್ಷಾನುಗಟ್ಟಲೆ ಆಲ್ಬಮ್ಮಿನ ಕತ್ತಲಲ್ಲಿ ಮಲಗಿ ಬಣ್ಣ ಎಳ್ಳಷ್ಟೂ ಕೆಡದ್ದು. ಬೆಲೆ ಮಾತ್ರ ಸಹಿಯಿದ್ದದ್ದರ ಒಂದು ಪಾಲು. ಉಳಿದ ದುಡ್ಡಿನಲ್ಲಿ ಹುಳಿಯಿಲ್ಲದ ರಟ್ಟು, ಅತಿನೇರಳೆ ಕಿರಣ ತಡೆಯುವ ಅಕ್ರಿಲಿಕ್ ಹಾಕಿಸಿ ಫ್ರೇಮು ಕಟ್ಟಿಸಬಹುದು. ತೂಗುಹಾಕುವುದಕ್ಕೆ ಸೋಫಾದ ಎದುರಿನ ಗೋಡೆ ಬೇಡ. ಬಿಸಿಲು ತಾಗದ ನಡುಹಜಾರ ಮೇಲು. ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಬಚ್ಚಲಿಗೆ ಮನೆಮಂದಿ ದಿನಕ್ಕೆ ಹತ್ತಾರು ಸಲ ಅದರ ಮುಂದೆ ದಾಟಬೇಕು. ಕೂತು ನೋಡುವವರಿಗಿಂತ ಅವಸರದಲ್ಲಿ ಓಡಾಡುವವರಿಗೇ ಇದು ಹೆಚ್ಚು ಆಡುತ್ತದೆ.